ಹೊಲಕ್ಕೆ ಹೊಡೆಯುವ ವಿಷ, ಗಂಡಸರ ಸಂತಾನಶಕ್ತಿ: ಮನೆಯೊಡತಿ ತಿಳಿದಿರಬೇಕಾದ ಪಾಠ



ಹಸು ಬೆದೆಗೆ ಬಂತು, ಕೃತಕ ಗರ್ಭಧಾರಣೆ ಮಾಡಿಸಿದಿರಿ. ಗಬ್ಬ ನಿಲ್ಲಲಿಲ್ಲ. ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆ, ಮತ್ತೆ ಮಾಡಿಸಿದಿರಿ. ಆಗಲೂ ನಿಲ್ಲಲಿಲ್ಲ. ಆಗ ನಮ್ಮ ಪಶುವೈದ್ಯರು ಏನು ಕೇಳುತ್ತಾರೆ? ಬೆದೆ ಗುರುತಿಸಿದ ಹೊತ್ತು ಸರಿಯಿತ್ತೇ, ಹಸುವಿನ ಗರ್ಭಕೋಶದಲ್ಲಿ ಸೋಂಕು ಇದೆಯೇ, ಖನಿಜ ಮಿಶ್ರಣ ಕೊಡುತ್ತಿದ್ದೀರಾ ಎಂದು ಕೇಳುತ್ತಾರೆ. ಜೊತೆಗೆ ವೀರ್ಯ ಕಡ್ಡಿ ಯಾವ ಹೋರಿಯದು, ದ್ರವ ಸಾರಜನಕದ ಕ್ಯಾನಿನಲ್ಲಿ ಸರಿಯಾಗಿ ಇಟ್ಟಿದ್ದರೇ ಎಂದೂ ವಿಚಾರಿಸುತ್ತಾರೆ. ತಪ್ಪು ಹಸುವಿನದೇ ಎಂದು ಮೊದಲ ದಿನವೇ ತೀರ್ಮಾನ ಮಾಡುವ ವೈದ್ಯರನ್ನು ನಾವು ಒಪ್ಪುವುದಿಲ್ಲ.

ಇದೇ ನ್ಯಾಯ ಮನೆಯೊಳಗೆ ಸಿಗುತ್ತದೆಯೇ? ಮದುವೆಯಾಗಿ ಎರಡು ವರ್ಷ ಕಳೆದು ಮಗುವಾಗದಿದ್ದರೆ ಊರೆಲ್ಲ ಹೆಣ್ಣನ್ನೇ ನೋಡುತ್ತದೆ. ಹರಕೆ ಅವಳಿಗೆ, ಕಷಾಯ ಅವಳಿಗೆ, ಸ್ಕ್ಯಾನಿಂಗ್ ಅವಳಿಗೆ, ಸೀಮಂತಕ್ಕೆ ಕರೆಯದಿರುವ ಅವಮಾನವೂ ಅವಳಿಗೇ. ‘ಬಂಜೆ’ ಎಂಬ ಮಾತಿಗೆ ಗಂಡಸಿನ ಕಡೆ ಜೋಡಿ ಪದವೇ ನಮ್ಮ ಊರುಗಳಲ್ಲಿ ಬಳಕೆಯಲ್ಲಿಲ್ಲ. ಆದರೆ ವೈದ್ಯಶಾಸ್ತ್ರದ ಲೆಕ್ಕ ಬೇರೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ದೋಷವೂ ಕಾರಣವಾಗಿರುತ್ತದೆ: ಕೆಲವರಲ್ಲಿ ಅದೊಂದೇ ಕಾರಣ, ಕೆಲವರಲ್ಲಿ ಇಬ್ಬರದೂ ಸೇರಿ.

ಗಂಡಸಿನ ದೋಷಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ಹೊಲ, ತೋಟ, ಕೊಟ್ಟಿಗೆಗೆ ತೀರ ಹತ್ತಿರದ್ದು: ನಾವು ಬಳಸುವ ರಾಸಾಯನಿಕಗಳು. ಈ ತಿಂಗಳ ಪಾಠ ಅದರ ಬಗ್ಗೆ. ಮುಜುಗರದ ವಿಷಯ ಎಂದು ಪುಟ ತಿರುಗಿಸಬೇಡಿ. ಬೆದೆ, ಗಬ್ಬ, ವೀರ್ಯ ಎಂಬ ಮಾತುಗಳನ್ನು ಸಂಘದ ಸಭೆಯಲ್ಲಿ ಸಂಕೋಚವಿಲ್ಲದೆ ಆಡುವ ಹೆಣ್ಣುಮಕ್ಕಳು ನೀವು. ಈ ಪಾಠ ನಿಮಗೆ ಕಷ್ಟವಾಗದು.

ವೀರ್ಯಾಣು ಹೇಗೆ ತಯಾರಾಗುತ್ತದೆ?

ಹೆಸರಘಟ್ಟದಲ್ಲಿರುವ ನಮ್ಮ ನಂದಿನಿ ವೀರ್ಯ ಕೇಂದ್ರದಂತಹ ಕಡೆ ಹೋರಿಯಿಂದ ಸಂಗ್ರಹಿಸಿದ ವೀರ್ಯವನ್ನು ಪ್ರತಿ ಸಲವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಷ್ಟು ವೀರ್ಯಾಣುಗಳಿವೆ, ಎಷ್ಟು ಚುರುಕಾಗಿ ಮುಂದಕ್ಕೆ ಈಜುತ್ತಿವೆ, ಆಕಾರ ಸರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಮಟ್ಟ ಮುಟ್ಟದ್ದನ್ನು ಚೆಲ್ಲುತ್ತಾರೆ. ಉಳಿದದ್ದೇ ಕಡ್ಡಿಯಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿ, ನಿಮ್ಮ ಊರಿಗೆ ಬರುವುದು. ಮನುಷ್ಯರ ವೀರ್ಯ ಪರೀಕ್ಷೆಯಲ್ಲಿ ನೋಡುವುದೂ ಇವೇ ಮೂರನ್ನು: ಸಂಖ್ಯೆ, ಚಲನೆ, ಆಕಾರ.

ವೀರ್ಯಾಣು ಹುಟ್ಟುವುದು ವೃಷಣದಲ್ಲಿ. ವೃಷಣಗಳು ಹೊಟ್ಟೆಯ ಒಳಗಿರದೆ ಹೊರಗೆ ಚೀಲದಲ್ಲಿ ತೂಗುವುದಕ್ಕೆ ಕಾರಣವಿದೆ. ವೀರ್ಯಾಣು ತಯಾರಾಗಲು ಮೈಯ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕು. ಒಂದು ಮೂಲಕೋಶ ಒಡೆದು, ಬೆಳೆದು, ಬಾಲ ಮೂಡಿ, ಪೂರ್ಣ ವೀರ್ಯಾಣು ಆಗಲು ಗಂಡಸಿನಲ್ಲಿ ಸುಮಾರು 70 ರಿಂದ 75 ದಿನ ಬೇಕು. ಹೋರಿಯಲ್ಲಿ ಸುಮಾರು 60 ದಿನ. ಆಮೇಲೆ ಅದು ಮಾಗಿ ಹೊರಬರಲು ಇನ್ನಷ್ಟು ದಿನ. ಒಟ್ಟಿನಲ್ಲಿ ಮೂರು ತಿಂಗಳ ಲೆಕ್ಕ ಎಂದು ನೆನಪಿಡಿ.

ಈ ಮೂರು ತಿಂಗಳ ಲೆಕ್ಕ ಬಹಳ ಮುಖ್ಯ. ಇಂದು ಆದ ಹಾನಿ ಇಂದೇ ಕಾಣುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನ ಝಳ ತಿಂದ ಹೋರಿಯ ವೀರ್ಯ ಕೆಲವು ವಾರಗಳ ನಂತರ ಕೆಡುತ್ತದೆ. ಹಾಗೆಯೇ ಗಂಡಸಿಗೆ ತಗುಲಿದ ವಿಷದ ಫಲ ಎರಡು ಮೂರು ತಿಂಗಳ ಮೇಲೆ ಕಾಣುತ್ತದೆ. ಅದಕ್ಕೇ ಯಾರೂ ಎರಡಕ್ಕೂ ಗಂಟು ಹಾಕುವುದಿಲ್ಲ. ಒಳ್ಳೆಯ ಸುದ್ದಿಯೂ ಇದರಲ್ಲೇ ಇದೆ: ಮೂಲಕೋಶಗಳು ಬದುಕಿದ್ದರೆ, ವಿಷದ ಸಂಪರ್ಕ ನಿಂತ ಕೆಲವು ತಿಂಗಳಿಗೆ ಹೊಸ ಬೆಳೆ ಬರಬಹುದು.

ರಾಸಾಯನಿಕ ಎಲ್ಲಿ ಏಟು ಹಾಕುತ್ತದೆ?

ಮುಖ್ಯವಾಗಿ ಮೂರು ಕಡೆ.

ಒಂದು, ನೇರವಾಗಿ ಮೂಲಕೋಶಗಳ ಮೇಲೆ. ಬಿತ್ತನೆ ಬೀಜವೇ ಸತ್ತಂತೆ. ಇಲ್ಲಿ ಹಾನಿ ದೊಡ್ಡದು, ಕೆಲವೊಮ್ಮೆ ಸರಿಹೋಗದ್ದು.

ಎರಡು, ಹಾರ್ಮೋನುಗಳ ಮೇಲೆ. ಮಿದುಳಿನ ಬುಡದ ಗ್ರಂಥಿಯಿಂದ ವೃಷಣಕ್ಕೆ ಆಜ್ಞೆ ಹೋಗಬೇಕು, ವೃಷಣ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ತಯಾರಿಸಬೇಕು. ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕಿ ಒಳಹೊಕ್ಕು ಈ ಸಂದೇಶಗಳನ್ನು ಗೊಂದಲ ಮಾಡುತ್ತವೆ. ಡಿಡಿಟಿಯಂತಹ ಹಳೆಯ ಕೀಟನಾಶಕಗಳು, ಪ್ಲಾಸ್ಟಿಕ್ ಮೆದುವಾಗಲು ಬೆರೆಸುವ ಥ್ಯಾಲೇಟ್ ಎಂಬ ವಸ್ತುಗಳು ಈ ಗುಂಪಿಗೆ ಸೇರಿದವು.

ಮೂರು, ತಯಾರಾದ ವೀರ್ಯಾಣುವಿನ ಮೇಲೆ. ಸಂಖ್ಯೆ ಸರಿಯಿದ್ದರೂ ಚಲನೆ ಕುಂದುತ್ತದೆ, ಒಳಗಿನ ವಂಶವಾಹಿ ಎಳೆ ಮುರಿಯುತ್ತದೆ.

ಈ ಮೂರರಲ್ಲಿ ಯಾವುದಾದರೂ ಗಂಡಸಿಗೆ ನೋವಾಗುವುದಿಲ್ಲ. ಮೀಸೆ, ದನಿ, ತೋಳಿನ ಬಲ, ದಾಂಪತ್ಯ ಸುಖ ಎಲ್ಲವೂ ಮೊದಲಿನಂತೆ ಇರಬಹುದು. ‘ಮೂಟೆ ಹೊರುವ ಆಳಿಗೆ ಏನು ಕೊರತೆ?’ ಎಂದು ಅತ್ತೆ ಕೇಳಿದರೆ, ಮೂಟೆ ಹೊರುವ ಶಕ್ತಿಯೇ ಬೇರೆ, ವೀರ್ಯಾಣುವಿನ ಲೆಕ್ಕವೇ ಬೇರೆ ಎಂಬುದು ಉತ್ತರ.

ಊಟದ ಹೊತ್ತಿನ ಮಾತಿನಿಂದ ಬಯಲಾದ ಸತ್ಯ

ಈ ಪಾಠವನ್ನು ಜಗತ್ತು ಮೊದಲು ಸ್ಪಷ್ಟವಾಗಿ ಕಲಿತದ್ದು 1977ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲ್ಯಾಥ್ರಾಪ್ ಎಂಬ ಊರಿನ ಕಾರ್ಖಾನೆಯಲ್ಲಿ. ಆಕ್ಸಿಡೆಂಟಲ್ ಕೆಮಿಕಲ್ ಕಂಪನಿಯ ಆ ಕಾರ್ಖಾನೆಯಲ್ಲಿ ಡಿಬಿಸಿಪಿ ಎಂಬ ವಿಷವನ್ನು ಬೆರೆಸುತ್ತಿದ್ದರು. ಬೇರಿಗೆ ಗಂಟು ಕಟ್ಟುವ ಜಂತುಹುಳು ಸಾಯಿಸಲು ಮಣ್ಣಿಗೆ ಹಾಕುವ ದ್ರವ ಅದು.

ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಒಂದು ವಿಷಯ ಗಮನಿಸಿದರು. ಆ ವಿಭಾಗಕ್ಕೆ ಬಂದ ಮೇಲೆ ಅವರಲ್ಲಿ ಯಾರ ಮನೆಯಲ್ಲೂ ತೊಟ್ಟಿಲು ತೂಗಿದ್ದೇ ಅಪರೂಪ. ಮಕ್ಕಳು ಬೇಕೆಂದವರಿಗೂ ಆಗುತ್ತಿರಲಿಲ್ಲ. ಕೆಲವರು ವೀರ್ಯ ಪರೀಕ್ಷೆ ಮಾಡಿಸಿದರು. ಡಾ. ಡೊನಾಲ್ಡ್ ವೋರ್ಟನ್ ಎಂಬ ವೈದ್ಯರು ಉಳಿದವರನ್ನೂ ಪರೀಕ್ಷಿಸಿದರು. ಹಲವರಲ್ಲಿ ವೀರ್ಯಾಣು ತೀರ ಕಡಿಮೆ, ಕೆಲವರಲ್ಲಿ ಒಂದೂ ಇಲ್ಲ. ಹೊಸದಾಗಿ ಸೇರಿದವರ ಲೆಕ್ಕ ಚೆನ್ನಾಗಿತ್ತು, ವರ್ಷಗಟ್ಟಲೆ ದುಡಿದವರ ಲೆಕ್ಕ ಕುಸಿದಿತ್ತು. ಉಳಿದಂತೆ ಎಲ್ಲರೂ ಗಟ್ಟಿಮುಟ್ಟಾದ ಗಂಡಸರು.

ಇದರಲ್ಲಿ ನೋವಿನ ಸಂಗತಿ ಇನ್ನೊಂದಿದೆ. ಈ ವಿಷ ಇಲಿ, ಮೊಲಗಳ ವೃಷಣವನ್ನು ಸೊರಗಿಸುತ್ತದೆ ಎಂದು 1961ರಲ್ಲೇ ವಿಜ್ಞಾನಿಗಳು ಬರೆದು ಪ್ರಕಟಿಸಿದ್ದರು. ಹದಿನಾರು ವರ್ಷ ಆ ಮಾತು ಕೆಲಸಗಾರರ ಕಿವಿಗೆ ಬೀಳಲಿಲ್ಲ. 1979ರಲ್ಲಿ ಅಮೆರಿಕ ತನ್ನ ಬಹುತೇಕ ಬೆಳೆಗಳಿಗೆ ಡಿಬಿಸಿಪಿ ಬಳಕೆಯನ್ನು ನಿಷೇಧಿಸಿತು. ಆ ಹೊತ್ತಿಗೆ ಮಧ್ಯ ಅಮೆರಿಕದ ಬಾಳೆ ತೋಟಗಳಲ್ಲಿ ದುಡಿದ ಸಾವಿರಾರು ಕೂಲಿಕಾರರಿಗೂ ಅದು ತಗುಲಿತ್ತು. ನಂತರದ ಪರೀಕ್ಷೆಗಳಲ್ಲಿ ಕಂಡದ್ದು ಇದು: ವೀರ್ಯಾಣು ಕಡಿಮೆಯಾಗಿದ್ದ ಹಲವರು ಕೆಲಸ ಬಿಟ್ಟ ಮೇಲೆ ಚೇತರಿಸಿಕೊಂಡರು, ಪೂರ್ತಿ ಇಲ್ಲವಾಗಿದ್ದವರಲ್ಲಿ ಅನೇಕರು ಚೇತರಿಸಿಕೊಳ್ಳಲಿಲ್ಲ. ಬೇಗ ಗೊತ್ತಾದಷ್ಟೂ ಒಳ್ಳೆಯದು ಎನ್ನುವುದು ಅದಕ್ಕೇ.

ಗಮನಿಸಿ: ಈ ಸತ್ಯ ಹೊರಬಿದ್ದದ್ದು ಜನ ಮುಜುಗರ ಬಿಟ್ಟು ಒಬ್ಬರಿಗೊಬ್ಬರು ಮಾತಾಡಿದ್ದರಿಂದ.

ನಮ್ಮ ನೆರೆಯಲ್ಲೇ ನಡೆದದ್ದು: ಗೇರು ತೋಟದ ಹೆಲಿಕಾಪ್ಟರ್

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ ಕನ್ನಡ, ತುಳು ಮಾತಾಡುವ ಊರು. ಸುತ್ತ ಗುಡ್ಡದ ಮೇಲೆ ಸರ್ಕಾರಿ ನಿಗಮದ ಗೇರು ತೋಟ, ಕೆಳಗೆ ಮನೆ, ಸುರಂಗದ ನೀರು, ತೋಡು, ಹಟ್ಟಿ. ಗೇರಿನ ಹೂವು ಚಿಗುರು ತಿನ್ನುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗಡಿಯ ಈಚೆ ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳಲ್ಲೂ ಇದೇ ಕೆಲಸ ನಡೆಯಿತು.

ಹೈನುಗಾರರಾದ ನೀವು ತಿಳಿಯಬೇಕಾದ ಮಾತು: ಅಲ್ಲಿ ಮೊದಲ ಎಚ್ಚರಿಕೆಗಳಲ್ಲೊಂದು ಬಂದದ್ದು ಹಟ್ಟಿಯಿಂದ. ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಗಮನಿಸಿ ಕೃಷಿ ಪತ್ರಕರ್ತ ಶ್ರೀಪಡ್ರೆ ಅವರು 1980ರ ದಶಕದ ಆರಂಭದಲ್ಲೇ ಬರೆದರು. ಆಮೇಲೆ ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ ಇಷ್ಟೊಂದು ಏಕೆ ಎಂದು ಕೇಳತೊಡಗಿದರು.

ನಮ್ಮ ಇಂದಿನ ಪಾಠಕ್ಕೆ ಸೇರಿದ ಭಾಗ ಇದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗೇರು ತೋಟದ ಬುಡದ ಊರಿನ 10 ರಿಂದ 19 ವರ್ಷದ 117 ಗಂಡು ಮಕ್ಕಳನ್ನು, ಸಿಂಪಡಣೆ ಇಲ್ಲದ ಊರಿನ 90 ಗಂಡು ಮಕ್ಕಳ ಜೊತೆ ಹೋಲಿಸಿ ನೋಡಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ವಿಷ ಬಿದ್ದ ಊರಿನ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹಲವು ಪಟ್ಟು ಹೆಚ್ಚಿತ್ತು. ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಆಯಾ ವಯಸ್ಸಿಗೆ ಇರಬೇಕಾದ ಗಂಡು ಹಾರ್ಮೋನು ಕಡಿಮೆಯಿತ್ತು. ಆಗ ಸಿಂಪಡಣೆ ನಿಂತು ತಿಂಗಳುಗಳೇ ಆಗಿದ್ದವು.

ಮಕ್ಕಳ ಸಂಖ್ಯೆ ಚಿಕ್ಕದು, ಇದೊಂದರಿಂದಲೇ ಎಲ್ಲ ತೀರ್ಮಾನ ಸಲ್ಲದು ಎಂದು ವಾದಿಸಿದವರೂ ಇದ್ದರು. ಆದರೂ ಇಂತಹ ಹಲವು ಸಾಕ್ಷ್ಯಗಳು ಸೇರಿ ತಕ್ಕಡಿ ವಾಲಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನ್ ಅನ್ನು ಜಗತ್ತಿನಿಂದಲೇ ತೆಗೆಯಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ನಮ್ಮ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆ ತಡೆಯಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಸಂತ್ರಸ್ತರಿಗೆ ಸರ್ಕಾರ ಇಂದಿಗೂ ಮಾಸಾಶನ ಕೊಡುತ್ತಿದೆ.

ಬೆನ್ನ ಮೇಲಿನ ಕ್ಯಾನು

ನಮ್ಮ ಭಾಷೆಯಲ್ಲೇ ಒಂದು ಮೋಸ ಇದೆ. ‘ಔಷಧಿ ಹೊಡೆಯಲು ಹೋಗಿದ್ದಾರೆ’ ಎನ್ನುತ್ತೇವೆ. ಔಷಧಿ ಎಂದ ಮೇಲೆ ಹೆದರಿಕೆ ಎಲ್ಲಿ? ಅದು ಬೆಳೆಗೆ ಔಷಧಿ ಇರಬಹುದು, ಮೈಗೆ ವಿಷ. ಮನೆಯಲ್ಲಿ ‘ವಿಷ ಹೊಡೆಯುವುದು’ ಎಂದೇ ಹೇಳಲು ಶುರುಮಾಡಿ. ಮಕ್ಕಳೂ ದೂರ ಇರುತ್ತಾರೆ.

ಸಿಂಪಡಿಸುವಾಗ ವಿಷ ಬಾಯಿ, ಮೂಗಿಗಿಂತ ಹೆಚ್ಚಾಗಿ ಚರ್ಮದಿಂದ ಒಳಹೋಗುತ್ತದೆ. ಮೈಯ ಎಲ್ಲ ಕಡೆ ಚರ್ಮ ಒಂದೇ ರೀತಿ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕ ಇಟ್ಟು ಅಮೆರಿಕದಲ್ಲಿ 1971ರಲ್ಲಿ ಅಳೆದು ನೋಡಿದಾಗ, ವೃಷಣ ಚೀಲದ ಚರ್ಮ ಮುಂಗೈ ಚರ್ಮಕ್ಕಿಂತ ಸುಮಾರು ಹನ್ನೆರಡು ಪಟ್ಟು ಹೆಚ್ಚು ಹೀರಿತ್ತು. ಅಂದರೆ ಅಲ್ಲಿ ಬಿದ್ದದ್ದು ಹೆಚ್ಚುಕಡಿಮೆ ಪೂರ್ತಿ ಒಳಕ್ಕೆ.

ಈಗ ನಿಮ್ಮ ಮನೆಯವರು ಸಿಂಪಡಿಸುವ ಚಿತ್ರ ಕಣ್ಣಮುಂದೆ ತಂದುಕೊಳ್ಳಿ. ಬೆನ್ನಿಗೆ ಹದಿನಾರು ಲೀಟರಿನ ಕ್ಯಾನು. ಮುಚ್ಚಳದ ವಾಷರ್ ಸವೆದಿದೆ. ಬಗ್ಗಿದಾಗ, ನಡೆದಾಗ ಹನಿ ತೊಟ್ಟಿಕ್ಕಿ ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ಚಡ್ಡಿಗೆ ಇಳಿಯುತ್ತದೆ. ಮುಂದೆ ಎದೆಮಟ್ಟದ ಬೆಳೆಯ ಒದ್ದೆ ಎಲೆ ತೊಡೆಗೆ ಸವರುತ್ತದೆ. ಬಿಸಿಲಿಗೆ ಮೈ ಬೆವೆತು ರಂಧ್ರಗಳು ತೆರೆದಿವೆ. ನಡುವೆ ವಿಷದ ಕೈಯಲ್ಲೇ ಮೂತ್ರಕ್ಕೆ ಹೋಗುತ್ತಾರೆ. ಸಂಜೆ ಅದೇ ಬಟ್ಟೆಯಲ್ಲಿ ಹಾಲು ಹಾಕಿ, ಟೀ ಕುಡಿದು, ಕತ್ತಲಾದ ಮೇಲೆ ಸ್ನಾನ. ತೋಯ್ದ ಚಡ್ಡಿ ಐದಾರು ಗಂಟೆ ಮೈಮೇಲೇ.

ಬಾಟಲಿಯ ಮೇಲಿನ ಬಣ್ಣದ ಗುರುತು ನೋಡುವುದನ್ನು ನೀವು ಕಲಿತಿರಬಹುದು: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆದರೆ ಆ ಬಣ್ಣ ಹೇಳುವುದು ಒಮ್ಮೆಗೇ ಮೈಗೆ ಹೋದರೆ ಪ್ರಾಣಕ್ಕೆ ಎಷ್ಟು ಅಪಾಯ ಎಂದು ಮಾತ್ರ. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಹೋದರೆ ವೀರ್ಯಾಣುವಿಗೆ, ಗರ್ಭಕ್ಕೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಹಸಿರು ಗುರುತು ಇದೆಯೆಂದು ಬರಿಮೈಯಲ್ಲಿ ಹೊಡೆಯಬಾರದು.

ನಿಮ್ಮ ಕೈಯಲ್ಲಿರುವ ಹತ್ತು ಕೆಲಸ

1. ಹೊಡೆಯಲೇಬೇಕೇ ಎಂದು ಮೊದಲು ಕೇಳಿ. ಪಕ್ಕದ ಹೊಲದವರು ಹೊಡೆದರೆಂದು ನಾವೂ ಹೊಡೆಯುವುದು ಬೇಡ. ಹುಳು ನಿಜವಾಗಿ ಇದೆಯೇ ಎಂದು ಎಲೆ ತಿರುಗಿಸಿ ನೋಡಿ, ಕೃಷಿ ಅಧಿಕಾರಿಯನ್ನು ಕೇಳಿ. ಬೇವಿನ ಕಷಾಯ, ಮೋಹಕ ಬಲೆ, ಅಂಟು ಹಾಳೆಯಲ್ಲಿ ಆಗುವ ಕೆಲಸಕ್ಕೆ ವಿಷ ಬೇಡ. ಎರಡು ಮೂರು ವಿಷ ಬೆರೆಸಿ ಹೊಡೆಯುವ ಅಭ್ಯಾಸವಂತೂ ಬೇಡವೇ ಬೇಡ.

2. ಕ್ಯಾನಿನ ವಾಷರ್, ಪೈಪು, ನಾಜಲ್ ಹಿಂದಿನ ದಿನವೇ ಬರಿ ನೀರು ತುಂಬಿ ಪರೀಕ್ಷಿಸಲಿ. ಸೋರುವ ಕ್ಯಾನು ಬೆನ್ನಿಗೇರಬಾರದು. ಕಟ್ಟಿಕೊಂಡ ನಾಜಲ್ಲಿಗೆ ಬಾಯಿಟ್ಟು ಊದಬಾರದು.

3. ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಬೂಟು, ರಬ್ಬರ್ ಕೈಗವಸು, ಮೂಗು ಬಾಯಿ ಮುಚ್ಚುವ ಮಾಸ್ಕ್. ಬೆನ್ನಿಗೂ ಸೊಂಟಕ್ಕೂ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಸೋರಿದರೂ ಚಡ್ಡಿಗೆ ಇಳಿಯದು. ಎತ್ತರದ ಬೆಳೆಯಾದರೆ ಮುಂದೆಯೂ ಒಂದು ಹಾಳೆ ಕಟ್ಟಲಿ.

4. ಬೆಳಗಿನ ತಂಪು ಹೊತ್ತಿನಲ್ಲಿ, ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ನಿಂತು ಹೊಡೆಯಲಿ. ಬರಿಗೈಯಲ್ಲಿ ಕಲಸಬಾರದು. ನಡುವೆ ಬೀಡಿ, ಎಲೆಅಡಿಕೆ ಬೇಡ.

5. ಮೂತ್ರಕ್ಕೆ ಹೋಗುವ ಮುಂಚೆ ಕೈ ತೊಳೆಯಲಿ. ಇದನ್ನು ನಾಚದೆ ಹೇಳಿ. ಹೊಲಕ್ಕೆ ಒಂದು ಕ್ಯಾನು ನೀರು, ಒಂದು ತುಂಡು ಸೋಪು ಕಳಿಸಿ.

6. ಒಳಬಟ್ಟೆ ತೋಯ್ದರೆ ಆಗಲೇ ಬದಲಿಸಬೇಕು. ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ. ಸ್ನಾನ ಆಗದೆ ಮಗುವನ್ನು ಎತ್ತಿಕೊಳ್ಳಬಾರದು, ಹಾಲು ಕರೆಯಬಾರದು.

7. ವಿಷದ ಬಟ್ಟೆ ತೊಳೆಯುವವರು ನೀವೇ ತಾನೇ? ಬೇರೆ ಬಟ್ಟೆಯ ಜೊತೆ ನೆನೆಸಬೇಡಿ. ಕೈಗವಸು ಹಾಕಿ, ಬೇರೆ ಬಕೆಟ್ಟಿನಲ್ಲಿ, ಅದೇ ದಿನ ಒಗೆದು ಬಿಸಿಲಿಗೆ ಹಾಕಿ. ದನ ನೀರು ಕುಡಿಯುವ ತೊಟ್ಟಿ, ಬಾವಿಕಟ್ಟೆ, ಕೆರೆದಂಡೆಯಲ್ಲಿ ಒಗೆಯಬೇಡಿ. ಗರ್ಭಿಣಿಯರು ಈ ಕೆಲಸ ಮಾಡಬಾರದು. ಹೊಡೆದವರೇ ಒಗೆದರೆ ಇನ್ನೂ ಒಳ್ಳೆಯದು.

8. ಖಾಲಿ ಡಬ್ಬವನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಕ್ಯಾನಿಗೇ ಹಾಕಿ, ಡಬ್ಬಕ್ಕೆ ತೂತು ಹೊಡೆಯಲಿ. ಎಷ್ಟೇ ಗಟ್ಟಿ ಡಬ್ಬವಾದರೂ ನೀರಿಗೆ, ಹಿಂಡಿಗೆ, ಮಜ್ಜಿಗೆಗೆ ಬಳಸಬೇಡಿ.

9. ವಿಷವನ್ನು ಅಡುಗೆಮನೆ, ಹಿಂಡಿಯ ಕೋಣೆ, ಅಟ್ಟದಲ್ಲಿ ಇಡಬೇಡಿ. ಬೀಗ ಹಾಕುವ ಪೆಟ್ಟಿಗೆಯಲ್ಲಿ, ಮೂಲ ಬಾಟಲಿಯಲ್ಲೇ ಇರಲಿ.

10. ಮಗು ಬೇಕೆಂದು ಯೋಚಿಸುತ್ತಿರುವ ದಂಪತಿ ಇದ್ದರೆ, ಕನಿಷ್ಠ ಮೂರು ತಿಂಗಳು ಮುಂಚಿನಿಂದ ಆ ಗಂಡಸು ಸಿಂಪಡಣೆಗೆ ಹೋಗದಿರುವುದು ಒಳ್ಳೆಯದು. ಮೂರು ತಿಂಗಳ ಲೆಕ್ಕ ನೆನಪಿದೆಯಲ್ಲ?

ಸಿಂಪಡಿಸಿದವರಿಗೆ ತಲೆಸುತ್ತು, ವಾಂತಿ, ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ಬಿಚ್ಚಿಸಿ, ಮೈ ತೊಳೆದು, ವಿಷದ ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ. ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ.

ಕೊಟ್ಟಿಗೆ, ಮೇವು, ಹಾಲು

ಉಣ್ಣೆ, ಹೇನಿಗೆ ದನದ ಮೈಮೇಲೆ ಹಚ್ಚುವ, ಸಿಂಪಡಿಸುವ ದ್ರವಗಳೂ ಕೀಟನಾಶಕಗಳೇ. ಪಶುವೈದ್ಯರು ಬರೆದುಕೊಟ್ಟ ಅಳತೆಯಲ್ಲಿ, ಕೈಗವಸು ಹಾಕಿ, ಗಾಳಿಯಾಡುವ ಕಡೆ ಹಚ್ಚಿ. ಹೊಲಕ್ಕೆ ತಂದ ಕೀಟನಾಶಕವನ್ನು ದನಕ್ಕೆ ಹಚ್ಚುವುದು ಎರಡು ಪಟ್ಟು ಅಪಾಯ. ಹಿಂದೆ ಗಮ್ಯಾಕ್ಸಿನ್ ಪುಡಿ ಎಂದು ಕೊಟ್ಟಿಗೆಗೆಲ್ಲ ಎರಚುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಬಿಎಚ್‌ಸಿ ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧವಾಯಿತು. ಬೇಸಾಯಕ್ಕೆ ಡಿಡಿಟಿ 1989ರಲ್ಲೇ ನಿಂತಿತು. ಹೆಸರಿಲ್ಲದ ಪೊಟ್ಟಣದ ಪುಡಿಯನ್ನು ಸಂತೆಯಿಂದ ತರಬೇಡಿ.

ಇಂತಹ ಹಳೆಯ ವಿಷಗಳಿಗೆ ಕೊಬ್ಬು ಎಂದರೆ ಇಷ್ಟ. ದನ ತಿಂದ ಮೇವಿನಿಂದ ಅದರ ಕೊಬ್ಬಿಗೆ, ಅಲ್ಲಿಂದ ಹಾಲಿನ ಜಿಡ್ಡಿಗೆ, ಬೆಣ್ಣೆಗೆ, ತುಪ್ಪಕ್ಕೆ ಬರುತ್ತವೆ. ಹಾಲು ಕಾಯಿಸಿದರೆ ಹೋಗುವುದಿಲ್ಲ. ಆದ್ದರಿಂದ ಸಿಂಪಡಿಸಿದ ಬೆಳೆಯ ಸೊಪ್ಪು, ದಂಟು, ಬದುವಿನ ಹುಲ್ಲನ್ನು ಬಾಟಲಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯುವವರೆಗೆ ದನಕ್ಕೆ ಹಾಕಬೇಡಿ. ಕೋಸಿನ ಹೊರ ಎಲೆ, ಮಾರಲಾಗದ ಟೊಮೆಟೊ, ಹೂಕೋಸಿನ ದಂಟು ಪುಕ್ಕಟೆ ಸಿಕ್ಕಿತೆಂದು ತಂದು ಸುರಿಯುವ ಮುಂಚೆ ಎಂದು ಹೊಡೆದದ್ದು ಎಂದು ಕೇಳಿ. ಮೇವಿನ ಬೆಳೆಯ ಅಂಚಿಗೆ ಪಕ್ಕದ ಹೊಲದ ವಿಷ ತೂರಿ ಬಂದಿದ್ದರೆ ಆ ಅಂಚನ್ನು ಕೆಲವು ದಿನ ಬಿಡಿ. ಊರಲ್ಲಿ ಕೋಣ, ಬಿತ್ತನೆ ಹೋರಿ ಸಾಕಿದ್ದರೆ ಅದರ ಮೇವಿಗೂ ಇದೇ ನಿಯಮ. ಅದರ ವೃಷಣಕ್ಕೂ ವಿಷ ವಿಷವೇ.

ಗರ್ಭಿಣಿಯರೇ, ಇದು ನಿಮಗೆ

ಗಂಡು ಮಗುವಿನ ವೃಷಣ ರೂಪುಗೊಳ್ಳುವುದು ತಾಯಿಯ ಹೊಟ್ಟೆಯಲ್ಲೇ, ಮೊದಲ ಮೂರು ನಾಲ್ಕು ತಿಂಗಳಲ್ಲಿ. ಆ ಮಗು ಮುಂದೆ ದೊಡ್ಡವನಾದಾಗ ಎಷ್ಟು ವೀರ್ಯಾಣು ತಯಾರಿಸಬಲ್ಲ ಎಂಬುದಕ್ಕೆ ಅಡಿಪಾಯ ಬೀಳುವುದೂ ಆಗಲೇ. ಗರ್ಭ ನಿಂತದ್ದು ಎಷ್ಟೋ ಸಲ ಗೊತ್ತಾಗುವುದೇ ಎರಡನೇ ತಿಂಗಳಿಗೆ. ಆದ್ದರಿಂದ ಮುಟ್ಟು ತಪ್ಪಿದ ಕೂಡಲೇ ಹೊಸದಾಗಿ ವಿಷ ಹೊಡೆದ ಹೊಲದಲ್ಲಿ ಕಳೆ ಕೀಳುವುದು, ಹೂವು ಕೊಯ್ಯುವುದು, ವಿಷದ ಬಟ್ಟೆ ಒಗೆಯುವುದು, ದನಕ್ಕೆ ಉಣ್ಣೆ ಮದ್ದು ಹಚ್ಚುವುದು ಎಲ್ಲ ನಿಲ್ಲಿಸಿ. ಈ ಕೆಲಸ ಬೇರೆಯವರು ಮಾಡಬೇಕೆಂದು ಮನೆಯಲ್ಲಿ ಕೇಳುವುದು ಸೋಮಾರಿತನವಲ್ಲ.

ಗಂಡು ಮಗು ಹುಟ್ಟಿದ ಮೇಲೆ ಎಣ್ಣೆ ಹಚ್ಚಿ ನೀರು ಹಾಕುವಾಗ ಎರಡೂ ವೃಷಣ ಚೀಲದೊಳಗೆ ಇಳಿದಿವೆಯೇ ಎಂದು ನೋಡಿ. ಕೆಲವು ಮಕ್ಕಳಲ್ಲಿ ತಡವಾಗಿ ಇಳಿಯುತ್ತವೆ. ಆರು ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಒಂದು, ಒಂದೂವರೆ ವರ್ಷದೊಳಗೆ ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮುಂದಿನ ತೊಂದರೆ ಬಹಳಷ್ಟು ತಪ್ಪುತ್ತದೆ. ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಬಿಡಬೇಡಿ.

ಎದೆಹಾಲು ಮಾತ್ರ ನಿಲ್ಲಿಸಬೇಡಿ. ಅದರ ಲಾಭಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಹೊಲದ ಹೊರಗಿನ ವಿಷಗಳು

ಬ್ಯಾಟರಿ ರಿಪೇರಿ, ಹಳೆಯ ಬ್ಯಾಟರಿ ಒಡೆದು ಕರಗಿಸುವ ಕೆಲಸದಲ್ಲಿ ಸೀಸ ಮೈಗೆ ಸೇರುತ್ತದೆ. ಸೀಸ ವೀರ್ಯಾಣುವಿನ ಸಂಖ್ಯೆ, ಚಲನೆ ಎರಡನ್ನೂ ಕೆಡಿಸುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಕ್ಯಾಡ್ಮಿಯಂ ಎಂಬ ಲೋಹವಿದೆ. ಅದೂ ಅದೇ ಕೆಲಸ ಮಾಡುತ್ತದೆ. ಬಿಸಿ ಟೀ, ಬಿಸಿ ಸಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಳ್ಳುವುದನ್ನು ಬಿಡಿ. ಸಂಘಕ್ಕೆ ಹಾಲು ತರಲು ಸ್ಟೀಲ್ ಕ್ಯಾನು ಬೇಕೆನ್ನುವ ನಾವು ಮನೆಯ ಟೀಗೂ ಸ್ಟೀಲ್ ಪಾತ್ರೆಯನ್ನೇ ಕಳಿಸೋಣ. ಇಟ್ಟಿಗೆ ಗೂಡು, ಬೇಕರಿ ಒಲೆಯ ಮುಂದೆ ದಿನವಿಡೀ ದುಡಿಯುವವರಿಗೆ ಬಿಸಿಯೇ ಶತ್ರು.

ಎಲ್ಲಕ್ಕೂ ರಾಸಾಯನಿಕವೇ ಕಾರಣವಲ್ಲ ಎಂಬುದೂ ನೆನಪಿರಲಿ. ಪ್ರಾಯಕ್ಕೆ ಬಂದ ಮೇಲೆ ಬಂದ ಮಂಗಬಾವು, ವೃಷಣದ ರಕ್ತನಾಳ ಉಬ್ಬುವುದು, ಸೋಂಕು, ಮದ್ಯ, ಸಕ್ಕರೆ ಕಾಯಿಲೆ, ಹುಟ್ಟಿನಿಂದ ಬಂದ ದೋಷ ಇವೂ ಕಾರಣಗಳು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಯಾವುದು ಎಂದು ತಿಳಿಯಲು ಪರೀಕ್ಷೆ ಬೇಕು.

ಪರೀಕ್ಷೆ ಹೇಗೆ, ಎಲ್ಲಿ?

ಗರ್ಭನಿರೋಧಕ ಏನೂ ಬಳಸದೆ ಒಂದು ವರ್ಷ ಒಟ್ಟಿಗೆ ಬಾಳಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ಕಾಣಬೇಕು. ಕಾಣಬೇಕಾದದ್ದು ಇಬ್ಬರೂ.

ಹೆಣ್ಣಿಗೆ ಮಾಡುವ ಪರೀಕ್ಷೆಗಳಲ್ಲಿ ರಕ್ತ, ಸ್ಕ್ಯಾನಿಂಗ್, ಗರ್ಭನಾಳಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ಎಲ್ಲ ಸೇರುತ್ತವೆ. ಕೆಲವು ನೋವಿನವು, ಖರ್ಚಿನವು. ಗಂಡಸಿಗೆ ಮೊದಲು ಬೇಕಾದದ್ದು ಒಂದೇ, ವೀರ್ಯ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು, ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಮಾದರಿ ಕೊಡಬೇಕು. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಆಶಾ ಕಾರ್ಯಕರ್ತೆ ದಾರಿ ತೋರಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿ ಲೀಟರಿನಲ್ಲಿ 1.6 ಕೋಟಿ ವೀರ್ಯಾಣು ಕೆಳಗಿನ ಗೆರೆ. ಅದಕ್ಕಿಂತ ಕಡಿಮೆ ಇದ್ದರೆ ಮಕ್ಕಳಾಗುವುದೇ ಇಲ್ಲ ಎಂದಲ್ಲ, ಕಷ್ಟವಾಗಬಹುದು ಎಂದರ್ಥ. ಜ್ವರ ಬಂದಿದ್ದರೂ ಲೆಕ್ಕ ತಾತ್ಕಾಲಿಕವಾಗಿ ಇಳಿಯುತ್ತದೆ. ಅದಕ್ಕೇ ಒಂದು ಫಲಿತಾಂಶ ಕೆಟ್ಟದಾಗಿ ಬಂದರೆ ಮತ್ತೊಮ್ಮೆ ಮಾಡಿಸಬೇಕು. ವೈದ್ಯರಿಗೆ ನಿಮ್ಮವರು ಯಾವ ವಿಷ, ಎಷ್ಟು ವರ್ಷ ಹೊಡೆದಿದ್ದಾರೆ ಎಂದು ತಪ್ಪದೆ ಹೇಳಿ. ಕೇಳದಿದ್ದರೂ ಹೇಳಿ.

ನೀವು ಕೇಳಬಹುದಾದ ಪ್ರಶ್ನೆಗಳು

ನಮ್ಮವರು ಪರೀಕ್ಷೆಗೆ ಒಪ್ಪುವುದೇ ಇಲ್ಲ. ಏನು ಮಾಡಲಿ?
ತಪ್ಪು ಹುಡುಕಲು ಅಲ್ಲ, ಚಿಕಿತ್ಸೆ ಎಲ್ಲಿ ಬೇಕೆಂದು ತಿಳಿಯಲು ಎಂದು ಹೇಳಿ. ಬೆಲೆಬಾಳುವ ಹೋರಿಗೆ ಪ್ರತಿ ಸಲ ಪರೀಕ್ಷೆ ಮಾಡುತ್ತಾರೆ, ಅದರಿಂದ ಹೋರಿಯ ಮಾನ ಹೋಗುವುದಿಲ್ಲ ಎಂದೂ ಹೇಳಿ ನೋಡಿ. ಅವರು ನಗಬಹುದು, ನಕ್ಕ ಮೇಲೆ ಯೋಚಿಸುತ್ತಾರೆ. ವೈದ್ಯರೇ ಕರೆದು ಹೇಳಿದರೆ ಒಪ್ಪುವವರು ಹೆಚ್ಚು.

ಅವರಿಗೆ ಮೊದಲೇ ಒಂದು ಮಗುವಿದೆ. ಇನ್ನೇನು ದೋಷ?
ಆ ಮಗುವಿನ ನಂತರ ವಿಷದ ಸಂಪರ್ಕ ಹೆಚ್ಚಿರಬಹುದು. ಲ್ಯಾಥ್ರಾಪಿನ ಕೆಲಸಗಾರರಲ್ಲೂ ಮೊದಲು ತಂದೆಯಾದವರಿದ್ದರು. ಪರೀಕ್ಷೆ ಬೇಕು.

ಶಕ್ತಿಗೆಂದು ಮಾರುವ ಪುಡಿ, ಇಂಜೆಕ್ಷನ್ ತೆಗೆದುಕೊಳ್ಳಬಹುದೇ?
ಬೇಡ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹೊರಗಿನಿಂದ ಕೊಟ್ಟರೆ ವೃಷಣ ತನ್ನ ಕೆಲಸ ನಿಲ್ಲಿಸಿ ವೀರ್ಯಾಣು ಇನ್ನೂ ಇಳಿಯುತ್ತದೆ. ತಜ್ಞ ವೈದ್ಯರು ಹೇಳದೆ ಏನನ್ನೂ ತೆಗೆದುಕೊಳ್ಳಬಾರದು.

ನೆನಪಿಡಿ

• ಮಗುವಾಗದಿದ್ದರೆ ಇಬ್ಬರಿಗೂ ಪರೀಕ್ಷೆ. ಗಂಡಸಿನದು ಸುಲಭ, ಮೊದಲು ಅದು.
• ಹಾನಿಯೂ ಚೇತರಿಕೆಯೂ ಮೂರು ತಿಂಗಳ ಲೆಕ್ಕದಲ್ಲಿ.
• ಸೋರುವ ಕ್ಯಾನು, ತೋಯ್ದ ಚಡ್ಡಿ: ಈ ಎರಡನ್ನು ಮೊದಲು ನಿಲ್ಲಿಸಿ.
• ಮುಟ್ಟು ತಪ್ಪಿದ ದಿನದಿಂದ ವಿಷದ ಕೆಲಸ ಬೇಡ.
• ಗಂಡು ಮಗುವಿನ ವೃಷಣ ಆರು ತಿಂಗಳಿಗೆ ನೋಡಿ.

ಸಹೋದರಿಯರೇ, ಮುಂದಿನ ಸಂಘದ ಸಭೆಯಲ್ಲಿ ಓದು ಬಾರದ ಅಕ್ಕಂದಿರಿಗೆ ಈ ಪಾಠವನ್ನು ಓದಿ ಹೇಳಿ. ಹತ್ತು ಕೆಲಸಗಳ ಪಟ್ಟಿಯನ್ನು ಕತ್ತರಿಸಿ ಸ್ಪ್ರೇ ಕ್ಯಾನು ಇಡುವ ಜಾಗದ ಗೋಡೆಗೆ ಅಂಟಿಸಿ. ನಿಮ್ಮ ಬೀದಿಯಲ್ಲಿ ಮಗುವಿಲ್ಲದೆ ತಲೆ ತಗ್ಗಿಸಿ ನಡೆಯುವ ಹೆಣ್ಣುಮಗಳೊಬ್ಬಳು ಇದ್ದೇ ಇರುತ್ತಾಳೆ. ಹಾಲು ಹಾಕಲು ಬಂದಾಗ ಅವಳನ್ನು ಪಕ್ಕಕ್ಕೆ ಕರೆದು, ‘ಅವರದ್ದೂ ಪರೀಕ್ಷೆ ಮಾಡಿಸಿದ್ದೀರಾ?’ ಎಂದು ಮೆಲ್ಲಗೆ ಕೇಳಿ. ಇಷ್ಟು ವರ್ಷ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ.